ವಕೀಲರ ಮನೆಯ ತಾಲೀಮು

ತಾಲೀಮು ಮಾಸ್ತರನನ್ನು ಕಂಡರೆ ಸಾಕು, ಜನರಿಗೆ ವ್ಯಾಯಾಮದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಿಡುತ್ತದೆ. ಮಾಡುವವರು ಮಾತ್ರ ಬೇರೆ ಯಾರಾದರೂ ಇರಬೇಕು. ನನ್ನ ನೌಕರಿಯುದ್ದಕ್ಕೂ ಇದೇ ನಡೆಯಿತು.

ಕಲೆಕ್ಟರ್ ಇನ್ನೂ ಬಿಳಿಯನಾಗಿದ್ದ ಕಾಲ. ಧಾರವಾಡದ ಒಂದು ಸಾಲೆಯಲ್ಲಿ ನಾನು ಹಂಗಾಮಿ ತಾಲೀಮು ಮಾಸ್ತರ. ಖಾಯಂ ಆಗುವುದು ಸಾಲೆಯ ಕಮಿಟಿಯಲ್ಲಿದ್ದ ವಕೀಲರೊಬ್ಬರ ಕೈಯಲ್ಲಿತ್ತು. ಖಾಯಂ ಆಗದಿದ್ದರೆ ಊರಿಗೆ ಹೋಗಿ ಅಣ್ಣನ ಮನೆಯ ಎಮ್ಮೆ ಕಾಯಬೇಕಿತ್ತು. ಈ ವಕೀಲರು ಒಮ್ಮೆ ಕಲೆಕ್ಟರನು ಹೆಂಡತಿ ಮಕ್ಕಳೊಡನೆ ಚೆಂಡಾಡುವುದನ್ನು ನೋಡಿ ಬಂದು ನನ್ನನ್ನು ಮನೆಗೆ ಕರೆಸಿದರು. ಅವರಿಗೊಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಕೂತಲ್ಲಿಂದ ಏಳದವರು.

"ಮನಿಮಂದಿ ಎಲ್ಲಾ ಕೂಡಿ ಮಾಡೋಣು. ತಿಂಗಳದಾಗ ಈ ಹುಡುಗ್ರು ತಾವಾಗೇ ಖುಷಿಲೆ ಓಡಬೇಕು. ಆಮ್ಯಾಲೆ ನಿಮ್ಮ ಖಾಯಂ ಮಾತು" ಎಂದರು.

ಕೆಲಗೇರಿ ದಾರಿ

ಮೊದಲು ಕೆಲಗೇರಿ ಕೆರೆಯವರೆಗೆ ಬೆಳಗಿನ ನಡಿಗೆ. ಮಕ್ಕಳೂ ನಾನೂ ನಡೆಯುವುದು, ವಕೀಲರು ಹಿಂದೆ ಟಾಂಗಾದಲ್ಲಿ ಬರುವುದು. ನೀವೂ ಇಳಿಯಬಹುದಲ್ಲ ಎಂದೆ. ತಾವೂ ನಡೆದರೆ ಮಕ್ಕಳ ಮೇಲೆ ಲಕ್ಷ್ಯ ಇಡುವವರು ಯಾರು ಎಂದು ಕೇಳಿದರು. ಮೂರನೆಯ ದಿನ ಮಗ ಕಾಲು ನೋವೆಂದು ಟಾಂಗಾ ಹತ್ತಿದ. ಅಣ್ಣ ಹತ್ತಿದನೆಂದು ಮರುದಿನ ತಂಗಿಯೂ ಹತ್ತಿದಳು. ಆಮೇಲೆ ಮನೆಮಂದಿ ಕೂಡಿಯೇ ಕೆರೆಗೆ ಹೋಗುತ್ತಿದ್ದರು, ಜಾಗ ಸಾಲದೆ ನಾನೊಬ್ಬ ಹಿಂದೆ ನಡೆಯುತ್ತಿದ್ದೆ.

ವಾರ ಕಳೆದ ಮೇಲೆ ವಕೀಲರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಗುಣ ಬಂತ್ರಿ ಮಾಸ್ತರ್ರ, ನಿಮ್ಮ ಹೊಟ್ಟಿ ಪೂರಾ ಇಳದದ" ಎಂದರು.

ಬಾವಿ ಕಟ್ಟೆ

ಆಮೇಲೆ ಹಿತ್ತಲಲ್ಲಿ ಸೂರ್ಯನಮಸ್ಕಾರ. ವಕೀಲರು ಆರಾಮ ಕುರ್ಚಿಯಲ್ಲಿ ಕೂತು ಎಣಿಸುವರು. ಮಕ್ಕಳು ಒಮ್ಮೆ ಮಲಗಿದರೆ ಏಳುತ್ತಲೇ ಇರಲಿಲ್ಲ. ಒಂದು ದಿನ ಹೆಂಡತಿಯನ್ನೂ ಕರೆದರು. ಆಕೆ ನಸುಕಿನಿಂದ ನೀರು ಸೇದಿ, ಬೀಸಿ, ಸಾರಿಸಿ, ಬಾವಿ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಇವಳಿಗೆ ಮೈ ಬಗ್ಗಿಸಿ ರೂಢಿ ಇಲ್ಲ ಎಂದು ವಕೀಲರು ನನಗೆ ಹೇಳಿದರು. ಆಕೆ ಕೊಡ ಹಗ್ಗ ತಂದು ಗಂಡನ ಮುಂದಿಟ್ಟರು.

ವಕೀಲರು ನೀರು ಸೇದಲು ಎದ್ದರು, ನನ್ನ ಮುಂದೆ ಇನ್ನೇನು ಮಾಡಿಯಾರು? ಅರ್ಧಕ್ಕೆ ಹಗ್ಗ ಜಾರಿ ಕೊಡ ಬಾವಿಯ ಪಾಲಾಯಿತು, ಸೊಂಟ ಹಿಡಿದುಕೊಂಡಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಲಗಿದಲ್ಲಿಂದಲೇ ವಕೀಲರು, ಸೂರ್ಯನಮಸ್ಕಾರ ಧಾರವಾಡದ ಹವಾಕ್ಕೆ ಒಗ್ಗುವುದಿಲ್ಲವೆಂದು ತೀರ್ಪು ಕೊಟ್ಟರು.

ಕಡೆಯ ದಿನ

ತಿಂಗಳು ಮುಗಿಯಿತು. ಮಕ್ಕಳು ಒಂದು ಹೆಜ್ಜೆಯೂ ಓಡಿರಲಿಲ್ಲ. ನಾನು ಎಮ್ಮೆಗಳ ಮುಖ ನೆನೆಸುತ್ತ ಹಿತ್ತಲಲ್ಲಿ ನಿಂತಿದ್ದೆ. ನಿಜ ಹೇಳುತ್ತೇನೆ, ಅಳುವೇ ಬಂದಿತ್ತು.

ಆಗ ವಕೀಲರ ತಾಯಿ ಸ್ನಾನ ಮುಗಿಸಿ, ಮಡಿ ಉಟ್ಟು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಅಡುಗೆಮನೆಗೆ ಹೊರಟರು. ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ. ಹುಡುಗಿ ಸುಮ್ಮನೆ ಅತ್ತ ಒಂದು ಹೆಜ್ಜೆ ಇಟ್ಟಳು. ಅಜ್ಜಿ ಬೆದರಿ ಓಡಿದರು. ಹುಡುಗಿಗೆ ಮಜಾ ಅನಿಸಿ ಬೆನ್ನು ಹತ್ತಿದಳು, ಹುಡುಗ ಇನ್ನೊಂದು ಕಡೆಯಿಂದ ಬಂದ. ಗದ್ದಲ ಕೇಳಿ, ಮಕ್ಕಳನ್ನು ಹಿಡಿಯಲು ವಕೀಲರು ಓಡಿ ಬಂದರು. ಅವರೂ ಮೈಲಿಗೆಯೇ, ಹಾಗಾಗಿ ಅಜ್ಜಿ ಅವರಿಂದಲೂ ತಪ್ಪಿಸಿಕೊಂಡರು. ವಕೀಲರ ಹಿಂದೆ ಅವರ ಹೆಂಡತಿ. ತುಳಸಿಕಟ್ಟೆಗೆ ಮೂರು ಸುತ್ತು! ಮಕ್ಕಳ ನಗು ಓಣಿಗೆಲ್ಲ ಕೇಳಿಸಿತು.

ಅಜ್ಜಿ ಯಾರ ಕೈಗೂ ಸಿಗದೆ, ಹನಿ ನೀರೂ ಚೆಲ್ಲದೆ ಅಡುಗೆಮನೆ ಸೇರಿದರು. ವಕೀಲರು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಸಿದು, ಇದು ನೀವು ಕಲಿಸಿದ್ದೇ ಎಂದು ನನ್ನನ್ನು ಕೇಳಿದರು. ಹೊಟ್ಟೆಪಾಡು, ಹೌದೆಂದೆ. ಹಾಗಾದರೆ ನೀವು ಖಾಯಂ ಎಂದರು.

ಒಳಗಿನಿಂದ ಅಜ್ಜಿ ತಲೆ ಹೊರಗೆ ಚಾಚಿದರು. "ಮದುವ್ಯಾಗಿ ಬಂದಾಗಿಂದ ಈ ಮನ್ಯಾಗ ಎಲ್ಲಾರ ಕೈ ತಪ್ಪಿಸಿಕೊಂಡು ಓಡಲಿಕ್ಕೆ ಹತ್ತೇನಿ. ಖಾಯಂ ಮಾಡೋದಿದ್ರ ಮದಲ ನನ್ನ ಮಾಡೋ."