ಮೂರು ಕಾರ್ಡಿನ ಸಂಸಾರ

ಚೌಕಾಸಿ ಮಾಡದೆ ಕೊಂಡ ತರಕಾರಿ ನನಗೆ ಮೈಗೆ ಹತ್ತುವುದಿಲ್ಲ. ಆರ್.ಟಿ. ನಗರದ ನಮ್ಮ ಬೀದಿಗೆ ಬರುವ ಸೊಪ್ಪಿನಾಕೆ ನನ್ನನ್ನು ದೂರದಲ್ಲಿ ಕಂಡ ಕೂಡಲೇ ಕಟ್ಟಿನ ಮೇಲೆ ಐದು ರೂಪಾಯಿ ಏರಿಸಿಟ್ಟುಕೊಳ್ಳುತ್ತಾಳೆ. ಆ ಐದು ರೂಪಾಯಿಯನ್ನು ಇಳಿಸಿ ನಾನು ಗೆದ್ದವನಂತೆ ಮನೆಗೆ ಬರುತ್ತೇನೆ. ಅವಳಿಗೂ ನಷ್ಟವಿಲ್ಲ, ನನಗೂ ಸಂತೋಷ. ಕೆಲವರಿಗೆ ಸಂಗೀತ ಒಲಿದಿರುತ್ತದೆ, ಕೆಲವರಿಗೆ ಅಡುಗೆ. ನನಗೆ ಒಲಿದಿರುವುದು ಇದೊಂದೇ. ಇದನ್ನು ಸೊಪ್ಪಿನ ಬುಟ್ಟಿಯ ಹತ್ತಿರವೇ ನಿಲ್ಲಿಸಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ಬ್ಯಾಂಕಿನ ಮೇಲೂ ಒಮ್ಮೆ ಪ್ರಯೋಗಿಸಿಬಿಟ್ಟೆ.

ಟಿ. ದಾಸರಹಳ್ಳಿಯಲ್ಲಿ ನಾನು ಕೆಲಸ ಮಾಡುವ ಪಂಪ್‌ಸೆಟ್ ಬಿಡಿಭಾಗಗಳ ಕಂಪನಿ ಲಾಕ್‌ಡೌನಿನಲ್ಲಿ ಕೆಲವು ತಿಂಗಳು ಬಾಗಿಲು ಹಾಕಿತು. ಸಂಬಳವಿಲ್ಲ. ಆ ತಿಂಗಳುಗಳ ಬಾಡಿಗೆಯನ್ನು ಓನರ್ ಬಿಟ್ಟುಕೊಟ್ಟರೆಂದು ಹೆಂಡತಿ ಹೇಳಿದಳು; ಉಳಿದದ್ದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿ ಸಂಸಾರ ತೂಗಿಸಿದೆ. ಬಾಕಿ ಬೆಳೆಯಿತು, ಬಡ್ಡಿ ಅದಕ್ಕಿಂತ ಜೋರಾಗಿ ಬೆಳೆಯಿತು, ಕೊನೆಗೆ ವಸೂಲಿಯವನ ಫೋನ್ ಬಂತು. ನಾನು ನನ್ನ ವಿದ್ಯೆ ತೋರಿಸಿದೆ. ಅವನು ಒಂದು ಮೊತ್ತ ಹೇಳಿದ, ನಾನು ಇಳಿಸಿದೆ. ಅವನು ಇನ್ನೊಂದು ಹೇಳಿದ, ಅದನ್ನೂ ಇಳಿಸಿದೆ. ಅರ್ಧ ಕಟ್ಟಿ ಸೆಟಲ್‌ಮೆಂಟ್ ಮಾಡಿಕೊಂಡೆ. ಮಾರನೆಯ ದಿನ ಆಫೀಸಿಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗಿ ಹಂಚಿದೆ. "ಮೂರ್ತಿ ಸಾರ್, ಬ್ಯಾಂಕನ್ನೇ ಬಗ್ಗಿಸ್ಬಿಟ್ರಲ್ಲ ನೀವು" ಎಂದು ಎಲ್ಲರೂ ಬಾಯಿ ಸಿಹಿ ಮಾಡಿಕೊಂಡರು. ಸಾಲದಲ್ಲಿದ್ದ ಇಬ್ಬರಿಗೆ ಪುಕ್ಕಟೆ ಸಲಹೆಯನ್ನೂ ಕೊಟ್ಟೆ. ಈಗ ಕ್ಯಾಂಟೀನಿನಲ್ಲಿ ಅವರಿಬ್ಬರು ಎದುರಾದರೆ ನಾನು ಫೋನ್ ಬಂದವನಂತೆ ಪಕ್ಕಕ್ಕೆ ತಿರುಗಿಕೊಳ್ಳುತ್ತೇನೆ.

ಇದಾಗಿ ಒಂದಷ್ಟು ಕಾಲ ಕಳೆದ ಮೇಲೆ, ರಂಜಾನ್ ಮುಗಿದ ಸಂಜೆ, ನಮ್ಮ ಮನೆಯ ಓನರ್ ನಸೀಮಾ ಆಪಾ ಒಂದು ಬಟ್ಟಲು ಶೀರ್ ಖುರ್ಮಾ ಪಾಯಸ ಹಿಡಿದುಕೊಂಡು ಬಂದರು. ಅವರಿರುವುದು ನಮ್ಮ ಎದುರು ಫ್ಲ್ಯಾಟಿನಲ್ಲೇ. ನಮ್ಮ ಮಗಳು ಅಂಬೆಗಾಲಿಟ್ಟದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು, ಎಲ್ಲಾ ಅವರ ಕಣ್ಣೆದುರಿಗೇ.

"ಮೂರ್ತಿ ಭಾಯಿ, ಈ ಮನೆ ಮಾರ್ಬೇಕು ನಾನು" ಎಂದರು. "ಹೈದರಾಬಾದಲ್ಲಿ ಮಗಳು ಮನೆ ಕಟ್ಟಿಸ್ತಾ ಇದಾಳೆ, ಅವಳಿಗೆ ಕೊಡ್ಬೇಕು. ಬ್ರೋಕರ್ ಗೀಕರ್ ಬೇಡ, ನೀವೇ ತಗೊಳ್ಳಿ." ಅವರು ಹೇಳಿದ ಬೆಲೆ ನಮ್ಮ ಬೀದಿಯಲ್ಲಿ ಯಾರೂ ಕೇಳಿರದಷ್ಟು ಕಡಿಮೆ. ಆದರೂ ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಳ್ಳುತ್ತಿತ್ತು. ನನ್ನ ಹೆಂಡತಿ ಸುಮಿತ್ರಾ ಟೀಪಾಯಿಯ ಕೆಳಗೆ ನನ್ನ ಕಾಲು ತುಳಿದಳು. ನಾನು ಬಾಯಿ ಮುಚ್ಚಿ ಶೀರ್ ಖುರ್ಮಾ ತಿಂದೆ.

ಹೆಬ್ಬಾಳದ ಬ್ಯಾಂಕಿಗೆ ಇಬ್ಬರೂ ಹೋದೆವು. ಸಾಲದ ವಿಭಾಗದ ಶ್ವೇತಾ ಮೇಡಂ ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು. "ಸರ್, ಹಳೇ ಕಾರ್ಡ್‌ದು ಅರ್ಧಕ್ಕೆ ಸೆಟಲ್‌ಮೆಂಟ್ ಮಾಡ್ಕೊಂಡಿದೀರಾ?"

"ಹೌದು ಮೇಡಂ" ಎಂದೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಅದೇ ಸರ್ ತೊಂದ್ರೆ. ಉಳಿದರ್ಧ ಬ್ಯಾಂಕ್ ಕೈಬಿಡ್ತು ಅಂತ ರೆಕಾರ್ಡ್‌ನಲ್ಲಿ ಕೂತಿದೆ. ನಿಮ್ಮ ಕ್ರೆಡಿಟ್ ಸ್ಕೋರ್ ಪೂರ್ತಿ ಬಿದ್ದುಹೋಗಿದೆ. ಈಗ ಲೋನ್ ಆಗಲ್ಲ."

ನಾನು ಹಂಚಿದ ಮೈಸೂರು ಪಾಕಿನ ತುಪ್ಪವೆಲ್ಲ ಆ ಗಳಿಗೆಯಲ್ಲಿ ಗಂಟಲಿಗೆ ಬಂದಂತಾಯಿತು. "ಮತ್ತೆ ಇವಳದು?" ಎಂದು ಸುಮಿತ್ರಾಳನ್ನು ತೋರಿಸಿದೆ. ಅವಳು ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿದು ಚೆನ್ನಾಗಿಯೇ ಸಂಪಾದಿಸುತ್ತಾಳೆ, ತೆರಿಗೆ ಲೆಕ್ಕವನ್ನೂ ಸಲ್ಲಿಸುತ್ತಾಳೆ. "ಮೇಡಂ ಯಾವತ್ತೂ ಸಾಲಾನೇ ಮಾಡಿಲ್ಲ, ಅವರಿಗೆ ಸ್ಕೋರೇ ಇಲ್ಲ" ಎಂದರು ಶ್ವೇತಾ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಆ ಪುಣ್ಯಾತ್ಗಿತ್ತಿ, ದಾರಿ ಹೇಳಿಕೊಟ್ಟರು. "ಮೊದ್ಲು ಹಳೇ ಬಾಕಿ ಪೂರ್ತಿ ಕಟ್ಟಿ. ಆಮೇಲೆ ಇಬ್ಬರೂ ಒಂದೊಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಳ್ಳಿ. ಒಂದೇ ಕಾರ್ಡನ್ನ ತುಂಬಾ ಉಜ್ಜಬೇಡಿ. ಎರಡ್ಮೂರು ಕಾರ್ಡಲ್ಲಿ ಸ್ವಲ್ಪ ಸ್ವಲ್ಪ ಬಳಸಿ, ತಿಂಗಳಾ ತಿಂಗಳಾ ಪೂರ್ತಿ ಕಟ್ಟಿ." ಕಾರ್ಡಿನಿಂದ ಬಾವಿಗೆ ಬಿದ್ದವನಿಗೆ ಇನ್ನೂ ಮೂರು ಕಾರ್ಡ್ ಹಿಡಿದು ಮೇಲೆ ಹತ್ತು ಎನ್ನುತ್ತಾರಲ್ಲ ಎಂದು ನನಗೆ ಅಚ್ಚರಿಯಾಯಿತು.

ಆಪಾಗೆ ವಿಷಯ ಹೇಳಲು ನಾಚಿಕೆಯಾಗಿ ಎರಡು ದಿನ ಅವರು ಎದುರಾಗದಂತೆ ಓಡಾಡಿದೆ. ಸುಮಿತ್ರಾಳೇ ಹೋಗಿ ಹೇಳಿದಳು. "ಮುಂದಿನ ರಂಜಾನ್ ತನಕ ಕಾಯ್ತೀನಿ" ಎಂದರಂತೆ ಆಪಾ. "ಅದಕ್ಕಿಂತ ಜಾಸ್ತಿ ಆಗಲ್ಲಮ್ಮ, ಮಗಳ ಮನೆ ನಿಂತೋಗತ್ತೆ."

ಹಳೆಯ ಬಾಕಿ ಕಟ್ಟಲು ಫೋನ್ ಮಾಡಿದಾಗ ಆ ಕಡೆಯವನಿಗೆ ಅನುಮಾನ ಬಂತು. "ಪೂರ್ತಿ ಕಟ್ತೀರಾ? ಏನೂ ಕಡಿಮೆ ಕೇಳಲ್ವಾ ಸರ್?" ಎಂದು ಮತ್ತೆ ಮತ್ತೆ ಕೇಳಿದ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಸುಮ್ಮನಿದ್ದವನಲ್ಲ.

ಕಾರ್ಡುಗಳ ಆಡಳಿತ ಸುಮಿತ್ರಾಳ ಕೈಗೆ ಹೋಯಿತು. ಅವಳು ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರ ಚೀಟಿ ನಡೆಸುವವಳು. ಯಾರಾದರೂ ಚೀಟಿ ಹಣ ತಡ ಮಾಡಿದರೆ ಅವಳು ಬೈಯುವುದಿಲ್ಲ. ಅವರ ಮನೆಗೆ ಹೋಗಿ ನಗುನಗುತ್ತಾ ಸೋಫಾದ ಮೇಲೆ ಕೂರುತ್ತಾಳೆ. ಕಾಫಿ ಕೊಟ್ಟರೆ ಕುಡಿಯುತ್ತಾಳೆ, ಹಪ್ಪಳ ಕೊಟ್ಟರೆ ತಿನ್ನುತ್ತಾಳೆ, ಹಣ ಬರುವ ತನಕ ಏಳುವುದಿಲ್ಲ. ಅದೇ ಚೀಟಿಯ ಕಾನೂನು ನನಗೂ ಬಂತು. ನನ್ನ ಕಾರ್ಡಿನಲ್ಲಿ ಗ್ಯಾಸ್ ಮತ್ತು ಕರೆಂಟ್ ಬಿಲ್ ಮಾತ್ರ. ಅವಳ ಕಾರ್ಡಿನಲ್ಲಿ ದಿನಸಿ. ಕೆಲವು ತಿಂಗಳ ನಂತರ, ನನ್ನ ನಡತೆ ಸುಧಾರಿಸಿದೆ ಎಂದು ಬ್ಯಾಂಕಿಗೆ ಅನಿಸಿದ ಮೇಲೆ, ಮೂರನೆಯದು ಬಂತು; ಅದರಲ್ಲಿ ಪೆಟ್ರೋಲ್. ಮೂರೂ ಅವಳ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್‌ಗಳ ಪಕ್ಕ. ಒಂದು ಭಾನುವಾರ ಹೆಸರಘಟ್ಟದ ಕಡೆ ಹೋದವನು ಪೆಟ್ರೋಲ್ ಕಾರ್ಡಿನಲ್ಲಿ ಮಸಾಲೆ ದೋಸೆ ತಿಂದೆ. ಮೆಸೇಜ್ ಅವಳ ಫೋನಿಗೂ ಹೋಗುತ್ತದೆಂಬುದು ನೆನಪಿರಲಿಲ್ಲ. ಮನೆಗೆ ಬಂದಾಗ, "ಏನ್ರೀ, ಗಾಡಿ ಈಗ ದೋಸೇಲಿ ಓಡತ್ತಾ?" ಎಂದಷ್ಟೇ ಕೇಳಿದಳು.

ನಿಜವಾದ ಪರೀಕ್ಷೆ ಬಂದದ್ದು ಯಶವಂತಪುರದ ಒಂದು ಟಿವಿ ಅಂಗಡಿಯಲ್ಲಿ. ಗೋಡೆಯಷ್ಟು ದೊಡ್ಡ ಟಿವಿ. ಬೆಲೆಯನ್ನು ಇಳಿಸಿ ಇಳಿಸಿ ಅಂಗಡಿಯವನನ್ನು ಸುಸ್ತು ಮಾಡಿದ್ದೆ. "ಆಯ್ತು ಸಾರ್, ನೀವು ಹೇಳಿದ ರೇಟಿಗೇ ಕೊಡ್ತೀನಿ, ಆದ್ರೆ ಇವತ್ತೇ ಕಾರ್ಡಲ್ಲಿ ಪೂರ್ತಿ ಹೊಡೀಬೇಕು" ಎಂದ. ಗ್ಯಾಸ್ ಕಟ್ಟಲೆಂದು ತಂದಿದ್ದ ಕಾರ್ಡ್ ಜೇಬಿನಲ್ಲೇ ಇತ್ತು. ಅದನ್ನು ಅರ್ಧ ಹೊರಗೆಳೆದೆ. ಸುಮಿತ್ರಾಳಿಗೆ ಫೋನ್ ಮಾಡಿ, ಎಂಥಾ ಬೆಲೆಗೆ ಇಳಿಸಿದ್ದೇನೆಂದು ವರ್ಣಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇವತ್ತು ಇನ್ನೊಬ್ಬ ಬ್ರೋಕರ್ ಬಂದಿದ್ದ ಕಣ್ರೀ. ಆಪಾ ಬಾಗಿಲಲ್ಲೇ ಕಳಿಸಿದ್ರು" ಎಂದಳು. ಆ ಬ್ರೋಕರ್ ಹೇಳಿದ್ದ ಬೆಲೆಯನ್ನೂ ತಿಳಿಸಿದಳು; ಆಪಾ ನಮಗೆ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ. ನಾನು ಅಂಗಡಿಯವನಿಗೆ ಕೈಮುಗಿದು ಹೊರಬಂದೆ. ಅವನು ನನ್ನ ಹಿಂದೆ ಏನೆಂದನೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ರಂಜಾನ್ ತಿಂಗಳು ಶುರುವಾಗಿ ಒಂದು ವಾರವಾಗಿತ್ತು, ಶ್ವೇತಾ ಮೇಡಂ ಫೋನ್ ಮಾಡಿದರು. ಸಾಲ ಮಂಜೂರಾಗಿತ್ತು. ನನ್ನ ಸ್ಕೋರ್ ಎದ್ದು ಕೂತಿದೆಯಂತೆ. ಸುಮಿತ್ರಾಳದು ಮಾತ್ರ ಓಡುತ್ತಿದೆಯಂತೆ. ಹಾಗಾಗಿ ಸಾಲದ ಅರ್ಜಿಯಲ್ಲೂ ಕ್ರಯಪತ್ರದಲ್ಲೂ ಅವಳ ಹೆಸರು ಮೊದಲು, ನನ್ನದು ಎರಡನೆಯದು. ಮನೆಯ ಯಜಮಾನ ನಾನು ಎಂದುಕೊಂಡಿದ್ದವನಿಗೆ ಒಳಗೊಳಗೇ ಕಸಿವಿಸಿಯಾಯಿತು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಾಗಲೂ ಅದು ಹೋಗಿರಲಿಲ್ಲ.

ರುಜು ಮುಗಿಸಿ ಆಪಾ ನನ್ನ ಪಕ್ಕ ಕೂತರು. ನನಗೆ ಕಣ್ಣು ತುಂಬಿ ಬಂತು. "ನಿಮ್ಮ ಋಣ ಹೇಗೆ ತೀರಿಸ್ಲಿ ಆಪಾ" ಎಂದೆ. "ಬ್ಯಾಂಕೇ ನನ್ನ ನಂಬ್ಲಿಲ್ಲ, ನೀವು ನಂಬಿ ವರ್ಷ ಕಾದ್ರಿ. ಲಾಕ್‌ಡೌನಲ್ಲಿ ಅಷ್ಟು ತಿಂಗಳು ಬಾಡಿಗೆ ಬೇರೆ ಬಿಟ್ಟುಕೊಟ್ರಿ."

ಆಪಾ ನನ್ನ ಮುಖವನ್ನೇ ನೋಡಿದರು. "ಬಾಡಿಗೆ? ನಾನೆಲ್ಲಿ ಬಿಟ್ಟೆ ಭಾಯಿ? ಸುಮಿತ್ರಾ ಮಾಸ್ಕ್ ಹೊಲ್ದು ಹೊಲ್ದು ತಿಂಗಳಾ ತಿಂಗಳಾ ತಂದುಕೊಟ್ರಲ್ಲ. ನಿಮಗೆ ಹೇಳ್ಬೇಡಿ, ಕೆಲ್ಸ ಇಲ್ದೆ ನೊಂದಿದಾರೆ ಅಂದ್ರು. ಅದನ್ನ ನೋಡಿಯೇ ಅಲ್ವಾ ನಾನು ಕಾದಿದ್ದು."

ಸುಮಿತ್ರಾ ಏನೂ ಕೇಳಿಸದವಳಂತೆ ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ಕ್ರಯಪತ್ರವನ್ನು ತೆಗೆದು ಇನ್ನೊಮ್ಮೆ ಓದಿದೆ. ಮೊದಲು ಅವಳ ಹೆಸರು, ಆಮೇಲೆ ನನ್ನದು. ಎರಡನೆಯದಾಗಿಯಾದರೂ ಸೇರಿಸಿಕೊಂಡಿದ್ದಾಳಲ್ಲ, ಅವಳದು ದೊಡ್ಡ ಮನಸ್ಸು ಎಂದುಕೊಂಡೆ.