ಚೌಕ ಎಡಗೈ, ಗುಂಡು ಬಲಗಾಲು

ನನಗಾಗ ಎಪ್ಪತ್ತೊಂದು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನ ಹೆಂಗಸರು ಕಾಳಿಘಾಟ್‌ನಲ್ಲಿ ದೇವಿಯ ಮುಂದೆ ಸಾಲುಗಟ್ಟಿ ನಿಂತು ಒಳ್ಳೆಯ ಸಾವು ಬೇಡಿಕೊಳ್ಳುತ್ತಾರೆ. ನಾನು ಅದೇ ಗುಡಿಯಿಂದ ಹತ್ತು ನಿಮಿಷದ ದಾರಿಯಲ್ಲಿ, ನಮ್ಮ ಫ್ಲ್ಯಾಟಿನ ಟಿವಿಯ ಮುಂದೆ ಕೂತು, ಹದಿನಾಲ್ಕು ವರ್ಷದ ಮೊಮ್ಮಗಳ ಕೈಯಲ್ಲಿ ದಿನಾ ಸಂಜೆ ಒದೆ ತಿನ್ನುತ್ತಿದ್ದೆ. ಒದೆ ಬೀಳುತ್ತಿದ್ದದ್ದು ಟಿವಿಯ ವಿಡಿಯೊ ಗೇಮಿನೊಳಗಿನ ನನ್ನ ಆಳಿಗೆ. ಸಿಟ್ಟು ಬರುತ್ತಿದ್ದದ್ದು ಮಾತ್ರ ನನಗೆ.

ಆಟದ ಹುಚ್ಚಿನಿಂದ ಕೂತಿದ್ದೆ ಎಂದುಕೊಳ್ಳಬೇಡಿ. ನನಗೆ ಬೇಕಿದ್ದದ್ದು ಮಾತು. ನಮ್ಮವರ ರೈಲ್ವೆ ನೌಕರಿಯ ಹಿಂದೆ ಧಾರವಾಡ ಬಿಟ್ಟು ಕೋಲ್ಕತ್ತಕ್ಕೆ ಬಂದವಳು ನಾನು. ಅವರು ಇರುವ ತನಕ ಮನೆಯಲ್ಲಿ ಕನ್ನಡ ಇತ್ತು. ಹೆಚ್ಚಿನ ಪಾಲು ಜಗಳವೇ, ಆದರೂ ಕನ್ನಡದ ಜಗಳ. ಅವರು ಹೋದ ಮೇಲೆ ಉಳಿದದ್ದು ಮಗನ ಒಂದೇ ಸಾಲು. ಬಿಬಿಡಿ ಬಾಗ್‌ನ ಬ್ಯಾಂಕಿನಿಂದ ಬಂದು ಬೂಟು ಬಿಚ್ಚುತ್ತ "ಊಟ ಆತೇನವ್ವಾ?" ಎನ್ನುತ್ತಾನೆ. ನಾನು ಬಾಯಿ ತೆಗೆಯುವುದರೊಳಗೆ ಬಚ್ಚಲ ಬಾಗಿಲು ಹಾಕಿಕೊಂಡಿರುತ್ತಾನೆ. ಸೊಸೆ ಬಾರಾನಗರದ ಬಂಗಾಳಿ ಹುಡುಗಿ, ಒಳ್ಳೆಯವಳು, ನನ್ನ ಜೊತೆ ಹಿಂದಿ ಆಡುತ್ತಾಳೆ. ಮೊಮ್ಮಗಳು ಝಿನುಕ್‌ಗೆ ನನ್ನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಬಂಗಾಳಿಯಲ್ಲಿ, ತಪ್ಪಿದರೆ ಹಿಂದಿಯಲ್ಲಿ ಬರುತ್ತದೆ. ಅಗಸನಿಗೆ ನಮ್ಮ ಸೀರೆ ಕೊಟ್ಟರೆ ಪಕ್ಕದ ಮನೆಯವರ ಸೀರೆ ಮಡಚಿ ತಂದುಕೊಟ್ಟ ಹಾಗೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಒಂದ ದಿನಾ ನನ್ನ ಕೂಡ ಕನ್ನಡದಾಗ ಮಾತಾಡಿದ್ರ ನಿನ್ನ ಗಂಟೇನ ಹೋಗ್ತೈತೆಬೇ?"

ಅವಳು ಟಿವಿಯಿಂದ ಕಣ್ಣು ಕೀಳದೆ ಹಿಂದಿಯಲ್ಲಿ ಅಂದಳು, "ಆಯಿ, ಏಕ್ ಬಾರ್ ಜೀತ್ ಕೇ ದಿಖಾವೋ." ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಆ ಒಂದು ಶಬ್ದವನ್ನಾದರೂ ಉಳಿಸಿಕೊಂಡಿದ್ದಳು. ಒಂದೇ ಒಂದು ಆಟ ನಾನು ಗೆದ್ದರೆ ಒಂದು ಭಾನುವಾರ ಪೂರ್ತಿ ಕನ್ನಡ ಎಂದು ಮಾತಾಯಿತು.

ನಾನು ಎರಡನೇ ಇಯತ್ತೆ ದಾಟಿದವಳಲ್ಲ. ಆದರೆ ಆ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಮೇಲೆ ಅಕ್ಷರದ ಬದಲು ಚಿತ್ರಗಳಿದ್ದವು. ಜೀವನದಲ್ಲಿ ಮೊದಲ ಸಲ ಒಂದು ಯಂತ್ರದ ಮೇಲೆ ಗೌರವ ಬಂತು. ಚೌಕ ಒತ್ತಿದರೆ ಎಡಗೈ ಗುದ್ದುತ್ತದೆ, ತ್ರಿಕೋನಕ್ಕೆ ಬಲಗೈ. ಕತ್ತರಿ ಗುರುತು ಎಡಗಾಲು, ಗುಂಡು ಬಲಗಾಲು. ಇಷ್ಟೇ ತಾನೆ ಎಂದು ಖಾರ ಕುಟ್ಟಿದ ಹಾಗೆ ನಾಲ್ಕನ್ನೂ ಕುಟ್ಟಿದೆ. ನನ್ನ ಆಳು ಗಾಳಿಗೆ ಗುದ್ದಿ ಗುದ್ದಿ ಬಿದ್ದ. ಎತ್ತಿದ ಕೈ ಕೆಳಗಿಳಿಯುವ ತನಕ ಎಷ್ಟು ಒತ್ತಿದರೂ ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ದೊಡ್ಡ ಒದೆಗೆ ಕಾಲೆತ್ತಲು ಹೊತ್ತು ಬೇಕು, ಅಷ್ಟರಲ್ಲಿ ಎದುರಿನವರ ಸಣ್ಣ ಗುದ್ದು ಮೂರು ಬಿದ್ದಿರುತ್ತದೆ. ಇದು ನನಗೆ ಬೇಗ ತಿಳಿಯಿತು. ನಮ್ಮವರು ಜಗಳದಲ್ಲಿ "ನೋಡು, ನಮ್ಮ ಮನೆತನದೊಳಗ ಇಲ್ಲೀತನಕಾ..." ಎಂದು ದೊಡ್ಡ ಮಾತಿಗೆ ಕಾಲೆತ್ತುವುದರೊಳಗೆ ನಾನು ಮೂರು ಕೊಟ್ಟು ಒಳಗೆ ಹೋಗಿ ಒಗ್ಗರಣೆ ಹಾಕುತ್ತಿದ್ದೆ. ಆ ಮಾತನ್ನು ಅವರು ಕೊನೆಗೂ ಮುಗಿಸಲಿಲ್ಲ. ಮುಗಿಸಲು ಬಿಡಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ತೊಂದರೆ ಕೊಟ್ಟದ್ದು ಎಡಗೈ ಕಡೆಯ ಬಾಣದ ಗುರುತುಗಳು. ಬಲಕ್ಕೆ ಒತ್ತಿದರೆ ಮುಂದೆ ಎಂದು ಕಲಿತಿದ್ದೆ. ಝಿನುಕ್‌ಳ ಆಳು ನನ್ನವನ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ನಿಂತ ಕೂಡಲೇ ಬಲವೇ ಹಿಂದೆ ಆಗುತ್ತಿತ್ತು. ಅವಳು ತಲೆ ಚಚ್ಚಿಕೊಂಡು ತಿಳಿಸಿದಳು: ಮುಂದೆ ಎಂದರೆ ಎದುರಿನವರು ಇರುವ ಕಡೆ, ಅಷ್ಟೇ. ಹಿಂದೆ ಎಂದರೆ ಅವರಿಂದ ದೂರ. ಹಿಂದಕ್ಕೆ ಒತ್ತಿ ಹಿಡಿದರೆ ಆಳು ಎರಡೂ ಕೈ ಅಡ್ಡ ಇಟ್ಟು ಏಟು ತಡೆಯುತ್ತಾನೆ, ಕಾಲಿಗೆ ಬರುವ ಏಟಾದರೆ ಕೆಳಗೂ ಒತ್ತಬೇಕು. ಜೀವಮಾನದಲ್ಲಿ ಹಿಂದೆ ಸರಿದವಳಲ್ಲ ನಾನು. ಅದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು.

ಒಂದು ಶನಿವಾರ ಸಂಜೆ ಆಟ ಶುರುವಾದ ಕೂಡಲೇ ಒಂದು ಚೌಕ ಒತ್ತಿದೆ, ಅದು ಹೇಗೋ ತಗುಲಿತು. ಆಮೇಲೆ ಏನೂ ಮಾಡಲಿಲ್ಲ. ಹಿಂದಕ್ಕೆ ಒತ್ತಿ ಹಿಡಿದು ಕೂತೆ. ಅವಳು ಗುದ್ದಿದಳು, ಒದ್ದಳು, ತಲೆ ಮೇಲಿಂದ ಹಾರಿದಳು. ಅವಳು ಹಾರಿದಂತೆಲ್ಲ ನನ್ನ ಹೆಬ್ಬೆರಳೂ ಮಗ್ಗುಲು ಬದಲಿಸಿತು. ಮೇಲಿನ ಗಡಿಯಾರದ ಅಂಕಿ ಸೊನ್ನೆಗೆ ಇಳಿದಾಗ ಒಂದು ಗುದ್ದಿನಷ್ಟು ಜೀವ ನನ್ನವನಲ್ಲಿ ಹೆಚ್ಚಿತ್ತು, ಗೆಲುವು ನನ್ನದಾಯಿತು. "ಧುತ್! ಚೀಟಿಂಗ್!" ಎಂದು ಝಿನುಕ್ ಕಿರುಚಿದಳು. "ಆಟಾ ನಿಂದು, ಕಲಿಸಿದಾಕಿ ನೀ" ಅಂದೆ.

ಭಾನುವಾರ ನಾನು ಐದಕ್ಕೇ ಎದ್ದು, ಮಿಂದು, ಮಾತಿಗೆ ತಯಾರಾಗಿ ಕೂತೆ. ಅವಳು ಒಂಬತ್ತಕ್ಕೆ ಬಂದು ನನ್ನೆದುರು ನಿಂತು, ಪಾಠ ಒಪ್ಪಿಸುವಂತೆ ಉಸಿರೆಳೆದುಕೊಂಡು ಅಂದಳು: "ಏಳಬೇ! ಎಮ್ಮಿ ಬಿದ್ದಂಗ ಬಿದ್ದೀಯಲ್ಲ!"

ನಾನು ಬೆಪ್ಪಾದೆ. ತಿಂಡಿಗೆ ಕೂತಾಗ, "ಬಾಯಿ ಮುಚ್ಚಿ ತಿನ್ನ. ಕಾಲ ಮಡಚಿ ಕುಂದರ. ಎಷ್ಟ ಸಲ ಬಡ್ಕೋಬೇಕ ನಾ?" ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಹುಡುಗಿ ಅಣಕಿಸುತ್ತಿರಲಿಲ್ಲ. ತನ್ನಲ್ಲಿದ್ದ ಕನ್ನಡವನ್ನೆಲ್ಲ ಪ್ರಾಮಾಣಿಕವಾಗಿ ತೆಗೆದು ಮುಂದಿಡುತ್ತಿದ್ದಳು. ಹದಿನಾಲ್ಕು ವರ್ಷ ನಾನು ಅವಳಿಗೆ ಕೊಟ್ಟದ್ದು ಅಷ್ಟೇ.

ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಕೂತವಳು ಗೋಡೆಯ ಮೇಲಿನ ಅಜ್ಜನ ಫೋಟೊ ನೋಡಿ, "ಆಯಿ, ಅಜ್ಜ ಇಲ್ಲ... ನಿನಗ..." ಎಂದು ನಿಂತಳು. ಮುಂದಿನ ಶಬ್ದ ಅವಳ ಬಳಿ ಇರಲಿಲ್ಲ. ಬಂಗಾಳಿ ಆಡಬಾರದು, ಪಂದ್ಯದ ಮಾತು. ಬಾಯಿ ತೆರೆದುಕೊಂಡು ಹುಡುಕಿದಳು, ಸಿಗಲಿಲ್ಲ. ತನ್ನ ತಟ್ಟೆಯ ಸಂದೇಶ್ ಮಿಠಾಯಿ ಎತ್ತಿ ನನ್ನ ತಟ್ಟೆಗೆ ಹಾಕಿ, "ತಿನ್ನ" ಅಂದಳು.

ಅವಳಿಗೆ ಬೇಕಾಗಿದ್ದ ಶಬ್ದ ನನಗೆ ಗೊತ್ತಿತ್ತು. ಬ್ಯಾಸರ. ಹೇಳಿಕೊಡಬಹುದಿತ್ತು. ನಾನು ಹಿಂದಕ್ಕೆ ಒತ್ತಿ ಹಿಡಿದೆ. "ಕೈ ತೊಳ್ಕೊ ಹೋಗ, ನೋಣಾ ಕೂತಾವು" ಅಂದೆ. ಅವಳು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವಳನ್ನು ಶಾಲೆಗೆ ಎಬ್ಬಿಸಲು ಹೋದೆ. ಯಾವಾಗಲೂ ಬಾಗಿಲಲ್ಲೇ ನಿಂತು ಒದರುವವಳು, ಒಳಗೆ ಹೋಗಿ ಮಂಚದ ಅಂಚಿಗೆ ಕೂತೆ. "ಏಳ ನನ್ನ ಬಂಗಾರ, ನೀ ಮಾತಾಡದಿದ್ರ ನನಗ ಬ್ಯಾಸರಾಗತೈತಿ" ಅಂದೆ. ಅವಳು ಕಣ್ಣು ಬಿಟ್ಟು ಗಾಬರಿಯಿಂದ ನನ್ನನ್ನೇ ನೋಡಿದಳು. ಎದ್ದು ಕೂತು ನನ್ನ ಹಣೆಗೆ ಕೈ ಇಟ್ಟು, "ಆಯಿ, ಜ್ವರಾ ಬಂದಾವೇನ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಮ್ಮನನ್ನು ಕೂಗಿದಳು. ಸೊಸೆ ಓಡಿಬಂದು ನನ್ನ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟಳು. ಜ್ವರ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಹುಡುಗಿಯ ಕೈ ಇನ್ನೂ ಹಣೆಯ ಮೇಲೇ ಇತ್ತು, ಹಾಗಾಗಿ ಬಾಯಿ ಮುಚ್ಚಿಕೊಂಡು ಕೂತೆ.