ಇಲಿಗೆ ಮೊದಲು ಕೊಟ್ಟ ಬೆಳ್ಳಿ

ನಗಬಾರದ ಕೆಲಸಕ್ಕೆ ಕೈ ಹಾಕಿದಾಗಲೇ ನಗು ಬರುವ ಸಂಗತಿಗಳು ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದಲ್ಲಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಾಗ ಇದು ನನಗೆ ಗೊತ್ತಾಯಿತು.

೧. ಕತ್ತಲ ಕೋಣೆ

ಪ್ಲಾಟಿನಂನ ಸಂಯುಕ್ತವೊಂದು ಕ್ಯಾನ್ಸರ್ ಗೆಡ್ಡೆಯನ್ನು ಕುಗ್ಗಿಸುತ್ತದೆಂದು ಓದಿದ್ದೆ. ಪ್ಲಾಟಿನಂ ನಮಗೆಲ್ಲಿಯದು? ಆದರೆ ನಮ್ಮದು ರೇಷ್ಮೆ ನೇಯುವ ಊರು. ಹಳೆಯ ಜರಿಯ ಚೂರುಗಳಿಂದ ಬೆಳ್ಳಿ ತೆಗೆದು, ಅದಕ್ಕೆ ಬೇರೆ ಬೇರೆ ಅಣುಗಳನ್ನು ಜೋಡಿಸಿ ನೋಡತೊಡಗಿದೆ. ಹೀಗೆ ಸಿಕ್ಕ ಬಿಳಿಯ ಪುಡಿ ಬೆಳಕು ಬಿದ್ದರೆ ಕಪ್ಪಾಗುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಯಾರನ್ನೂ ಬಿಡಬೇಡವೆಂದು ಜವಾನನನ್ನು ಬಾಗಿಲಲ್ಲಿ ನಿಲ್ಲಿಸಿದೆ.

ಒಂದು ದಿನ ಪ್ರಿನ್ಸಿಪಾಲರೇ ಬಂದರು. ಅವರ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

"ಬೆಳಕು ಬಿದ್ರೆ ಔಸ್ದಿ ಕೆಟ್ಟೋಯ್ತದೆ ಸಾ," ಎಂದ ಜವಾನ.

"ನಾನೇನು ದೀಪ ಹಿಡ್ಕೊಂಡು ಬಂದಿದ್ದೀನೇನಯ್ಯಾ?"

"ಇಲ್ಲ ಸಾ. ತಲೆಗೊಂದು ಟವಲ್ ಸುತ್ಕಂಡು ಒಳಕ್ಕೋಗಿ."

೨. ನೆಂಟಸ್ತಿಕೆ

ಆ ಜವಾನನ ಅಕ್ಕ ಹತ್ತಿರದ ಶಾಗ್ಯ ಹಳ್ಳಿಯವಳು. ಅವಳ ಎದೆಯಲ್ಲಿ ಗಂಟು. ಮೈಸೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದರು. ಅದಕ್ಕೆ ಹೆದರಿ, ನಾನು ಬೆಳ್ಳಿಯಿಂದ ಕ್ಯಾನ್ಸರಿಗೆ ಔಷಧಿ ಮಾಡುತ್ತಿದ್ದೇನೆಂಬ ತಮ್ಮನ ಮಾತು ನಂಬಿ ನನ್ನ ಬಳಿ ಬಂದಳು. ಬೆಳ್ಳಿಯ ಕಾಲುಚೈನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದ್ನ ಕರಗ್ಸಿ ನಂಗೂ ಒಸಿ ಔಸ್ದಿ ಮಾಡ್ಕೊಡಿ ಸಾ."

"ಇದಿನ್ನೂ ಔಷಧಿಯಲ್ಲ ತಾಯಿ. ಮೊದಲು ಬೆಂಗಳೂರಲ್ಲಿ ಕ್ಯಾನ್ಸರ್ ಬಂದ ಇಲಿಗೆ ಕೊಟ್ಟು ನೋಡ್ತಾರೆ."

"ಇಲಿಗೆ ಮೊದ್ಲು, ನಂಗೆ ಆಮ್ಯಾಕಾ? ಆ ಇಲಿ ನಿಮಗೇನಾಗ್ಬೇಕು ಸಾ?"

ನಗು ಬಂತು, ನಗಲಾಗಲಿಲ್ಲ. ಚೈನನ್ನು ಅವಳ ಕೈಗೇ ಕೊಟ್ಟು ಗದರಿಸಿದೆ. "ನನ್ನ ಪುಡಿ ಕಾಯ್ತಾ ಕೂತರೆ ನೀನು ಉಳಿಯಲ್ಲ. ನಾಳೆಯೇ ಆಸ್ಪತ್ರೆಗೆ ಹೋಗು." ಯಾರಿಗೂ ಅಷ್ಟು ಕಠಿಣವಾಗಿ ನಾನು ಮಾತಾಡಿದವನಲ್ಲ.

ಅವಳು ಕಣ್ಣೊರೆಸಿಕೊಂಡು ಎದ್ದಳು. "ಓಯ್ತೀನಿ. ಆದ್ರೆ ಆ ಇಲಿಗೆ ವಾಸಿಯಾಯ್ತೋ, ನಿಮ್ನ ಬುಡಾಕಿಲ್ಲ."

೩. ವರದಿ

ಕೆಲವು ತಿಂಗಳ ಮೇಲೆ, ನಾನು ಪುಡಿ ಕಳಿಸಿದ್ದ ಬೆಂಗಳೂರಿನ ಪ್ರಯೋಗಾಲಯದಿಂದ ಒಂದು ಪುಟದ ಕಾಗದ ಬಂತು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತಿದ್ದವು. ಇಲಿಗಳೂ ಸತ್ತಿದ್ದವು, ಕ್ಯಾನ್ಸರಿನಿಂದಲ್ಲ, ನನ್ನ ಬೆಳ್ಳಿಯಿಂದ. ಎರಡು ವರ್ಷದ ಕೆಲಸ. ಕಂಬಳಿಗಳನ್ನು ಬಿಚ್ಚಿಸಿ, ಬಿಸಿಲಲ್ಲಿ ಸುಮ್ಮನೆ ಕೂತಿದ್ದೆ.

ಬಾಗಿಲಲ್ಲಿ ಕಾಲುಚೈನಿನ ಸದ್ದಾಯಿತು. ಆಪರೇಷನ್ ಮುಗಿಸಿಕೊಂಡು ಅವಳು ಬಂದಿದ್ದಳು, ಬಡವಾಗಿದ್ದಳು. ಮಡಿಲಲ್ಲಿ ನನಗೆಂದು ತಂದ ಅವರೆಕಾಯಿ.

"ಇಲಿ ಎಂಗದೆ ಸಾ?"

"ಸತ್ತುಹೋಯ್ತಮ್ಮ."

 ಬೆಳ್ಳಿಯ ಪುಡಿಯಿಂದ ಕಪ್ಪು ಹಿಡಿದ ನನ್ನ ಬೆರಳುಗಳನ್ನು ನೋಡಿ, ಸಾವಿನ ಮನೆಗೆ ಬಂದವಳಂತೆ ಮೆಲ್ಲಗೆ ಹೇಳಿದಳು:

"ನನ್ನ ಬೈದು ಆಸ್ಪತ್ರೆಗೆ ಕಳಿಸ್ದಂಗೆ ಅದ್ನೂ ಬೈದು ಕಳಿಸ್ಬೇಕಿತ್ತು ಸಾ."